ಹುಡುಗಿಯರ ಸಂಘಕ್ಕೆ ಹೆಸರು ಕೊಡಿ



ಬೀರೂರಿನಲ್ಲಿ ಸಂಘದ ಸಭೆ ಅಂದರೆ ಹಾಸ್ಟೆಲ್ ಹುಡುಗಿಯರಾದ ನಮಗೆ ಗೊತ್ತಿರುವುದು ಇಷ್ಟೇ. ಮೊದಲು ಹೋರಾಟದ ಹಾಡು ಹೇಳಬೇಕು. ಬಾಬಾಸಾಹೇಬರ ಫೋಟೋಕ್ಕೆ ಹಾರ ಹಾಕುವಾಗ ತಟ್ಟೆ ಹಿಡಿದು ನಿಲ್ಲಬೇಕು. ಭಾಷಣ ಅರ್ಧ ಕೇಳಿ, ಗೇಟ್ ಹಾಕಿಬಿಡ್ತಾರೆ ಅಂತ ಓಡಿ ಬರಬೇಕು. ತೀರ್ಮಾನಗಳೆಲ್ಲ ಆಗುವುದು ನಾವು ಹೋದ ಮೇಲೆ. ಸದಸ್ಯರ ಪುಸ್ತಕದಲ್ಲಿ ನಮ್ಮ ಹೆಸರೇ ಇಲ್ಲ.

ಯಾರ ಮೇಲಿನ ಸಿಟ್ಟಿಗೂ ಇದನ್ನು ಬರೆಯುತ್ತಿಲ್ಲ. ಕಡೂರು, ತರೀಕೆರೆ, ಅಜ್ಜಂಪುರದ ಕಡೆಯ ಕೇರಿಗಳಿಂದ ಓದಲು ಬಂದ ನಮಗೆ ತಲೆ ಎತ್ತಿ ನಡೆಯೋದು ಕಲಿಸಿದ್ದೇ ಸಂಘ. ಅದಕ್ಕೇ ಕೇಳುತ್ತಿದ್ದೇವೆ: 13ರಿಂದ 18 ವರ್ಷದ ಹುಡುಗಿಯರಿಗೆ ನಮ್ಮದೇ ಒಂದು ಸಂಘ ಬೇಕು. ದೊಡ್ಡ ಸಂಘದ ಒಳಗೇ ಇರಲಿ. ಆದರೆ ಸಭೆ ನಮ್ಮದು, ಪುಸ್ತಕ ನಮ್ಮದು, ಮಾತು ನಮ್ಮದು.

ಮೊದಲ ಅಡ್ಡಿ ಮನೆಯಿಂದಲೇ ಬರುತ್ತೆ. “ನಿಂಗ್ಯಾಕವ್ವ ಸಂಘ ಗಿಂಘ? ಓದಕ್ ಕಳ್ಸಿದೀವಿ, ಓದು. ನಾಳೆ ಗಂಡಿನ ಕಡೆಯೋರು ಏನಂತಾರೆ?” ಅವ್ವಂದಿರ ಈ ಭಯ ಸುಳ್ಳಲ್ಲ. ಬಡವರ ಮನೆ ಹುಡುಗಿಯ ಮಾನಕ್ಕೆ ಕೈ ಹಾಕಿದರೆ ಕೇಳುವವರಿಲ್ಲ ಎಂದು ಅವರು ಕಂಡುಂಡಿದ್ದಾರೆ. ನಾವು ಹೇಳುವುದು, ಕೇಳುವವರಿಲ್ಲ ಅನ್ನೋದಕ್ಕೇ ಸಂಘ ಬೇಕು. 18 ತುಂಬದ ಹುಡುಗಿಗೆ ಮದುವೆ ಮಾಡುವುದು 2006ರ ಕಾಯ್ದೆಯಲ್ಲಿ ಅಪರಾಧ. 1098ಕ್ಕೆ ಫೋನ್ ಮಾಡಬಹುದು ಅಂತ ಗೋಡೆ ಮೇಲೆ ಬರೆದಿರುತ್ತೆ. ಆದರೆ ಒಂಟಿ ಹುಡುಗಿ ಅಪ್ಪನ ವಿರುದ್ಧ ಫೋನ್ ಎತ್ತುತ್ತಾಳೆಯೇ? ಹತ್ತು ಜನ ಗೆಳತಿಯರು ಹೋಗಿ ಅವರ ಮನೆ ಜಗಲಿ ಮೇಲೆ ಕೂತು, “ಅತ್ತೆ, ಇವ್ಳು ಎಸ್ಸೆಸ್ಸೆಲ್ಸಿ ಮುಗಿಸ್ಲಿ, ಆಮೇಲೆ ನೋಡನ” ಅಂದರೆ ಆ ಮಾತಿನ ತೂಕವೇ ಬೇರೆ.

ಎರಡನೇ ಅಡ್ಡಿ ನಮ್ಮ ಅಣ್ಣಂದಿರದು. “ಬೇರೆ ಸಂಘ ಯಾಕಮ್ಮ? ಒಡಕು ಆಗುತ್ತೆ.” ಅಣ್ಣಾ, ದಲಿತರು ಬೇರೆ ಸಂಘಟನೆ ಕಟ್ಟಿದಾಗ ಮೇಲ್ಜಾತಿಯವರು ಹೇಳಿದ್ದೂ ಇದೇ ಮಾತಲ್ಲವೇ? ಮುಟ್ಟಿನ ದಿನದ ಕಷ್ಟ, ಬಸ್‌ಸ್ಟ್ಯಾಂಡಿನಿಂದ ಹಿಂದೆ ಹಿಂದೆ ಬರುವವನ ಕಾಟ, ಮನೆಯೊಳಗಿನ ಹೊಡೆತ, ಇವನ್ನು ನಾವು ನಿಮ್ಮ ಮುಂದೆ ಎದ್ದು ನಿಂತು ಹೇಳಲಾರೆವು. ಹೇಳದ ನೋವು ಯಾವ ನಿರ್ಣಯದಲ್ಲೂ ಬರುವುದಿಲ್ಲ.

“ಹುಡುಗೀರಿಗೆ ಏನು ಗೊತ್ತಾಗುತ್ತೆ” ಅನ್ನುವವರು ಮುಕ್ತಾ ಸಾಳ್ವೆಯ ಕಥೆ ಕೇಳಲಿ. ಮಾಂಗ ಜಾತಿಯ ಹುಡುಗಿ. ಪುಣೆಯಲ್ಲಿ ಜೋತಿಬಾ, ಸಾವಿತ್ರಿಬಾಯಿ ಫುಲೆಯವರ ಶಾಲೆಯಲ್ಲಿ ಓದಿದವಳು. ಮಾಂಗ, ಮಹಾರರ ದುಃಖವನ್ನು ಕುರಿತು ಅವಳು ಬರೆದ ಪ್ರಬಂಧ 1855ರಲ್ಲಿ ‘ಜ್ಞಾನೋದಯ’ ಪತ್ರಿಕೆಯಲ್ಲಿ ಅಚ್ಚಾಯಿತು. ನಮ್ಮ ಹೆಂಗಸರು ತಲೆ ಮೇಲೆ ಸೂರಿಲ್ಲದೆ ಹೆರುವ ಸಂಕಟವನ್ನು ಆ ಹದಿಹರೆಯದ ಹುಡುಗಿ ಬರೆದಳು. ಯಾವ ಪಂಡಿತನಿಗೆ ಅದು ಕಂಡಿತ್ತು?

1942ರ ಜುಲೈನಲ್ಲಿ ನಾಗಪುರದಲ್ಲಿ ಸಾವಿರಾರು ದಲಿತ ಹೆಂಗಸರು ಸಮ್ಮೇಳನ ನಡೆಸಿದರು. ಅಧ್ಯಕ್ಷತೆ ಸುಲೋಚನಾಬಾಯಿ ಡೋಂಗ್ರೆ ಅವರದು. ಅಲ್ಲಿ ಬಾಬಾಸಾಹೇಬರು ಮದುವೆಗೆ ಅವಸರ ಮಾಡಬೇಡಿ, ಗಂಡನಿಗೆ ಗೆಳತಿಯಾಗಿ, ಗುಲಾಮಳಾಗಬೇಡಿ ಎಂದು ತಿಳಿಹೇಳಿದರು. ನಾವು ಕೇಳುತ್ತಿರುವುದು ಹೊಸದೇನಲ್ಲ.

ನಮ್ಮ ಹತ್ತಿರದ್ದೇ ನೋಡಿ. ಬೀರೂರು ಜಂಕ್ಷನ್ನಿನಲ್ಲಿ ಶಿವಮೊಗ್ಗದ ರೈಲು ಹತ್ತಿದರೆ ತರೀಕೆರೆ ದಾಟಿ ಭದ್ರಾವತಿ. ಅಲ್ಲಿ ಉಪನ್ಯಾಸಕರಾಗಿದ್ದ ಬಿ. ಕೃಷ್ಣಪ್ಪನವರು 1970ರ ದಶಕದಲ್ಲಿ ಗೆಳೆಯರ ಜೊತೆ ದಲಿತ ಸಂಘರ್ಷ ಸಮಿತಿ ಕಟ್ಟಿದರು. 1986ರಲ್ಲಿ ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ಬೆತ್ತಲೆ ಸೇವೆಗೆ ಅಡ್ಡ ನಿಂತವರು ಈ ಚಳವಳಿಯವರೇ. ಹೆಣ್ಣಿನ ಮಾನಕ್ಕಾಗಿ ಏಟು ತಿಂದ ಚಳವಳಿ ಹೆಣ್ಣಿನ ಮಾತಿಗೂ ಜಾಗ ಕೊಡಲಿ.

ಸರ್ಕಾರವೂ ಕಿಶೋರಿ ಗುಂಪು ಮಾಡಿದ್ದುಂಟು. 2010ರ ಸಬಲಾ ಯೋಜನೆಯಲ್ಲಿ, ಆರಿಸಿದ ಜಿಲ್ಲೆಗಳ ಅಂಗನವಾಡಿಗಳಲ್ಲಿ 15ರಿಂದ 25 ಹುಡುಗಿಯರ ಗುಂಪು, ಅದಕ್ಕೊಬ್ಬಳು ಸಖಿ, ಕಬ್ಬಿಣದ ಮಾತ್ರೆ. ಒಳ್ಳೆಯದೇ. ಆದರೆ ಯೋಜನೆ ಮುಗಿದರೆ ಗುಂಪೂ ಮುಗಿಯಿತು. ನಾವೇ ಕಟ್ಟಿಕೊಂಡಿದ್ದನ್ನು ಯಾವ ಆದೇಶವೂ ಮುಚ್ಚಲಾರದು.

ಆದ್ದರಿಂದ ಗೆಳತಿಯರೇ, ಒಂದು ನೋಟ್‌ಬುಕ್ಕು ತನ್ನಿ, ಹೆಸರು ಬರೆಯಿರಿ. ಸಭೆ ರಾತ್ರಿ ಬೇಡ, ಭಾನುವಾರ ಬೆಳಿಗ್ಗೆ ಇರಲಿ. ಪ್ರತಿ ವಾರ ಒಬ್ಬಳು ಏನಾದರೂ ಓದಿ ಹೇಳಲಿ. ಅವ್ವಂದಿರನ್ನೂ ಒಂದು ದಿನ ಕರೆದು ಕೂರಿಸೋಣ. ಅಣ್ಣಂದಿರೇ, ನಿಮ್ಮ ಸಭೆಯನ್ನು ಗೇಟ್ ಹಾಕುವ ಮುಂಚೆ ಮುಗಿಸಿ. ನಮ್ಮಲ್ಲಿ ಇಬ್ಬರನ್ನು ತೀರ್ಮಾನದ ಹೊತ್ತಿಗೆ ಕೂರಿಸಿಕೊಳ್ಳಿ. ಆವತ್ತು ಟೀ ನೀವೇ ಕಾಯಿಸಿ.

ಹಾಡು ಹೇಳುತ್ತೇವೆ. ಹಾಡು ಮುಗಿದ ಮೇಲೂ ಕೂರುತ್ತೇವೆ.

ಜೈ ಭೀಮ್.