ಕಂದು ರೋಗ: ಲಸಿಕೆ ಕರುವಿಗೆ, ಅಪಾಯ ಆಡಿನಿಂದ

ವಿಜಯಪುರ: ವಾರಗಟ್ಟಲೆ ಬಿಟ್ಟುಬಿಟ್ಟು ಬರುವ ಜ್ವರ, ರಾತ್ರಿ ಬೆವರು, ಸೊಂಟ ಹಾಗೂ ಕೀಲುಗಳಲ್ಲಿ ನೋವು. ಇಂಥ ಲಕ್ಷಣ ಕಂಡಾಗ ವೈದ್ಯರ ಅನುಮಾನ ಮೊದಲು ಹರಿಯುವುದು ಟೈಫಾಯ್ಡ್, ಮಲೇರಿಯಾ ಇಲ್ಲವೇ ಕ್ಷಯದತ್ತ. ಬ್ರುಸೆಲ್ಲಾ ಎಂಬ ಬ್ಯಾಕ್ಟೀರಿಯಾ ಗುಂಪು ಪತ್ತೆಯಾಗದೆ ಉಳಿಯುವುದು ಇಲ್ಲಿಯೇ. ಜಾನುವಾರುಗಳಲ್ಲಿ ಗರ್ಭಪಾತಕ್ಕೆ ಕಾರಣವಾಗುವ ಈ ಸೋಂಕಿಗೆ ಪಶುವೈದ್ಯರು ನೀಡಿರುವ ಹೆಸರು ಕಂದು ರೋಗ.

ಜಿಲ್ಲೆಗೆ ಇದು ಹೊಸದಲ್ಲ. ನಗರದ ಸೊಲ್ಲಾಪುರ ರಸ್ತೆಯಲ್ಲಿರುವ ಬಿಎಲ್‌ಡಿಇ ಸಂಸ್ಥೆಯ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜಿನಲ್ಲಿ ಡಾ. ಬಿ.ಜಿ. ಮಂಟೂರ ಮತ್ತು ಸಹೋದ್ಯೋಗಿಗಳು ನಡೆಸಿದ ಅಧ್ಯಯನಗಳು 93 ಮಕ್ಕಳಲ್ಲಿ (2004) ಹಾಗೂ 16 ವರ್ಷಗಳ ಅವಧಿಯಲ್ಲಿ 495 ವಯಸ್ಕರಲ್ಲಿ (2006) ಈ ಸೋಂಕನ್ನು ದಾಖಲಿಸಿವೆ. ರೋಗಿಗಳಲ್ಲಿ ದೊರೆತ ಜೀವಾಣು ಮುಖ್ಯವಾಗಿ ಆಡು-ಕುರಿಗಳನ್ನು ಆಶ್ರಯಿಸುವ ಬ್ರುಸೆಲ್ಲಾ ಮೆಲಿಟೆನ್ಸಿಸ್. ದನ, ಎಮ್ಮೆಗಳಲ್ಲಿ ಹೆಚ್ಚಾಗಿ ಕಾಣುವುದು ಇದೇ ಗುಂಪಿನ ಬ್ರುಸೆಲ್ಲಾ ಅಬಾರ್ಟಸ್.

ಈ ಜೀವಾಣುಗಳು ಅತಿ ಸೂಕ್ಷ್ಮ ಗಾತ್ರದವು, ಚಲನೆಯಿಲ್ಲದವು. ರೋಗಾಣುಗಳನ್ನು ಕೊಲ್ಲಬೇಕಾದ ರಕ್ಷಕ ಕೋಶಗಳೊಳಗೇ ಅಡಗಿ ಕುಳಿತು ವೃದ್ಧಿಯಾಗುವುದು ಇವುಗಳ ವೈಶಿಷ್ಟ್ಯ. ಬೆಳವಣಿಗೆ ನಿಧಾನವಾದ್ದರಿಂದ ಪ್ರಯೋಗಾಲಯದಲ್ಲಿಯೂ ತಾಳ್ಮೆ ಬೇಕು. ಚಿಕಿತ್ಸೆಗೆ ಡಾಕ್ಸಿಸೈಕ್ಲಿನ್ ಜೊತೆ ಮತ್ತೊಂದು ಔಷಧ ಸೇರಿಸಿ ಕನಿಷ್ಠ 6 ವಾರ ನೀಡಬೇಕಾಗುತ್ತದೆ. ಜ್ವರ ಇಳಿಯಿತೆಂದು ನಡುವೆ ನಿಲ್ಲಿಸಿದರೆ ರೋಗ ಮರುಕಳಿಸುವ ಸಂಭವ ಹೆಚ್ಚು.

ಮನುಷ್ಯರಿಗೆ ಬಳಕೆಯಲ್ಲಿರುವ ಲಸಿಕೆ ಇಲ್ಲ. ಹೀಗಾಗಿ ನಿಯಂತ್ರಣ ಕೊಟ್ಟಿಗೆಯಿಂದಲೇ ಆರಂಭವಾಗಬೇಕು. ಕೇಂದ್ರ ಸರ್ಕಾರ 2019ರಲ್ಲಿ ಆರಂಭಿಸಿದ ರಾಷ್ಟ್ರೀಯ ಕಾರ್ಯಕ್ರಮದಡಿ ಈ ರೋಗದ ಲಸಿಕೆ ನಿಗದಿಯಾಗಿರುವುದು ದನ, ಎಮ್ಮೆಗಳ 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ. ಆಡು-ಕುರಿಗಳು ಇದರ ವ್ಯಾಪ್ತಿಗೆ ಬಂದಿಲ್ಲ. ಇವುಗಳಿಗೆ ಹಲವು ದೇಶಗಳು ಬಳಸುವ ರೆವ್-1 ಲಸಿಕೆ ಗರ್ಭ ಧರಿಸಿದ ಪ್ರಾಣಿಗಳಲ್ಲಿ ಗರ್ಭಪಾತ ಉಂಟುಮಾಡಬಲ್ಲದು ಎಂಬ ತೊಡಕೂ ಇದೆ. ಆದರೆ ವಿಜಯಪುರದ ದಾಖಲೆ ಬೊಟ್ಟು ಮಾಡುತ್ತಿರುವುದು ಆಡು-ಕುರಿಗಳತ್ತಲೇ ಎಂಬುದನ್ನು ಮರೆಯುವಂತಿಲ್ಲ.

ಮಾಲ್ಟಾ ದ್ವೀಪದ ಉದಾಹರಣೆ ಇಲ್ಲಿ ಉಲ್ಲೇಖಾರ್ಹ. 1887ರಲ್ಲಿ ಡೇವಿಡ್ ಬ್ರೂಸ್ ಈ ಜೀವಾಣುವನ್ನು ಮೊದಲು ಗುರುತಿಸಿದ್ದು ಅಲ್ಲಿಯೇ. ಆಡಿನ ಹಾಲೇ ಮೂಲವೆಂದು 1905ರಲ್ಲಿ ಗೊತ್ತಾಯಿತು. ಮರುವರ್ಷ ಬ್ರಿಟಿಷ್ ಸೈನಿಕರಿಗೆ ಆ ಹಾಲನ್ನು ನಿಷೇಧಿಸಿದೊಡನೆ ಅವರಲ್ಲಿ ರೋಗ ಗಣನೀಯವಾಗಿ ಇಳಿಯಿತು.

ಹಾಲನ್ನು ಕುದಿಸಿದರೆ ಜೀವಾಣು ಸಾಯುತ್ತದೆ. ಕಂದು ಹಾಕಿದ ಪ್ರಾಣಿಯ ಮಾಸು, ಭ್ರೂಣಗಳನ್ನು ಬರಿಗೈಯಲ್ಲಿ ಮುಟ್ಟದೆ ಆಳವಾಗಿ ಹೂಳಬೇಕು. ಇವು ಕುರಿಗಾರರು ಕೈಗೊಳ್ಳಬಹುದಾದ ಎಚ್ಚರಿಕೆಗಳು. ಉಳಿದ ಹೊಣೆ ಆರೋಗ್ಯ ಹಾಗೂ ಪಶುಸಂಗೋಪನಾ ಇಲಾಖೆಗಳದ್ದು. ಜ್ವರ ಬಿಡದ ರೋಗಿಯನ್ನು ‘ಮನೆಯಲ್ಲಿ ಆಡು-ಕುರಿ ಇವೆಯೇ?’ ಎಂದು ವೈದ್ಯರು ಕೇಳುವುದು, ಹೌದೆಂದಾಗ ಆ ಹಿಂಡಿನ ಪರೀಕ್ಷೆ ನಡೆಯುವುದು ವಾಡಿಕೆಯಾಗದ ಹೊರತು ಈ ರೋಗ ಬೇರೆ ಜ್ವರಗಳ ಲೆಕ್ಕದಲ್ಲಿಯೇ ಮುಚ್ಚಿಹೋಗಲಿದೆ.