ಯಂತ್ರದ ಉತ್ತರ, ಯಾರ ಹೊಣೆ?

ನ್ಯೂಯಾರ್ಕಿನ ನ್ಯಾಯಾಲಯವೊಂದರಲ್ಲಿ 2023ರಲ್ಲಿ ಪ್ರಯಾಣಿಕನೊಬ್ಬನ ಪರ ವಕೀಲರು ಕೆಲವು ಹಳೆಯ ತೀರ್ಪುಗಳನ್ನು ಉದಾಹರಿಸಿದರು. ಎದುರು ಪಕ್ಷದವರು ಹುಡುಕಿದರೆ ಅವು ಎಲ್ಲೂ ಸಿಗಲಿಲ್ಲ. ಎಲ್ಲವೂ ಚಾಟ್‌ಜಿಪಿಟಿ ಹೆಣೆದ ಕಟ್ಟುಕಥೆ! 'ಈ ತೀರ್ಪು ನಿಜವೇ?' ಎಂದು ವಕೀಲರು ಯಂತ್ರವನ್ನೇ ಕೇಳಿದ್ದರು. ಅದು 'ಹೌದು' ಎಂದಿತ್ತು. ಕೊನೆಗೆ 5,000 ಡಾಲರ್ ದಂಡ ಬಿದ್ದದ್ದು ವಕೀಲರಿಗೆ.

ಶಾಲೆಯ ಮನೆಗೆಲಸಕ್ಕೂ ಇದೇ ನ್ಯಾಯ. ಇಂಥ ಕೃತಕ ಬುದ್ಧಿಮತ್ತೆಯು ಯಾವ ಪದದ ನಂತರ ಯಾವ ಪದ ಬರಬಹುದೆಂದು ಊಹಿಸುತ್ತಾ ವಾಕ್ಯ ಕಟ್ಟುತ್ತದೆ. ವಾಕ್ಯ ಸರಾಗವಾಗಿದ್ದ ಮಾತ್ರಕ್ಕೆ ಸಂಗತಿ ಸತ್ಯವಾಗಿರಬೇಕೆಂದಿಲ್ಲ.

ಹಾಗೆಂದು ಅದನ್ನು ದೂರವಿಡಬೇಕಾಗಿಲ್ಲ. ಅರ್ಥವಾಗದ ಪಾಠವನ್ನು ಬೇರೊಂದು ಉದಾಹರಣೆಯ ಮೂಲಕ ವಿವರಿಸುವಂತೆ ಕೇಳಬಹುದು. ಪರೀಕ್ಷೆಗೆ ಮುನ್ನ ಅಭ್ಯಾಸದ ಪ್ರಶ್ನೆಗಳನ್ನು ಪಡೆಯಬಹುದು. ಆದರೆ ಇಸವಿ, ಹೆಸರು, ಅಂಕಿಅಂಶಗಳನ್ನು ಪಠ್ಯಪುಸ್ತಕದಲ್ಲೋ ಗ್ರಂಥಾಲಯದಲ್ಲೋ ನೋಡಿ ಖಚಿತಪಡಿಸಿಕೊಳ್ಳಬೇಕು. ಉತ್ತರವನ್ನು ಸ್ವಂತ ಮಾತಿನಲ್ಲೇ ಬರೆಯಬೇಕು. ನೆರವು ಪಡೆದಿದ್ದರೆ ಶಿಕ್ಷಕರಿಗೆ ತಿಳಿಸಬೇಕು.

ಪಾಲಕರು ಮೊಬೈಲು ಕಿತ್ತುಕೊಳ್ಳುವ ಬದಲು, ಪುಸ್ತಕ ಮುಚ್ಚಿಸಿ 'ಬರೆದದ್ದನ್ನು ಬಾಯಿಮಾತಿನಲ್ಲಿ ಹೇಳು' ಎಂದು ಕೇಳಲಿ. ತಡವರಿಸಿದರೆ, ಪಾಠವನ್ನು ಇನ್ನೊಮ್ಮೆ ಓದಬೇಕೆಂದು ಮಗುವಿಗೇ ತಿಳಿಯುತ್ತದೆ. ಅದು ಪರೀಕ್ಷಾ ಕೊಠಡಿಯಲ್ಲಿ ತಿಳಿಯುವುದಕ್ಕಿಂತ ಮನೆಯಲ್ಲೇ ತಿಳಿಯುವುದು ಲೇಸು.