ಧರಣಿಗೆ ಕೆಂಬಾವುಟ, ಓಟಿಗೆ ಬೇರೆ ಬಾವುಟ

ಯಾದಗಿರಿಯಲ್ಲಿ ಆಶಾ, ಅಂಗನವಾಡಿ, ಬಿಸಿಯೂಟದ ಅಕ್ಕಂದಿರು ಧರಣಿ ಕೂತರೆ ಅಲ್ಲಿ ಕಾಣುವುದು ಹೆಚ್ಚಾಗಿ ಕೆಂಬಾವುಟ. ಓಟಿನ ದಿನ ಮಾತ್ರ ಆ ಬಾವುಟವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಯಾಕೆ ಹೀಗೆ?

1956ರವರೆಗೆ ನಾವು ಹೈದರಾಬಾದ್ ರಾಜ್ಯದವರು. ಅದೇ ರಾಜ್ಯದ ನಲ್ಗೊಂಡದಲ್ಲಿ ಕಮ್ಯುನಿಸ್ಟ್ ನಾಯಕ ರಾವಿ ನಾರಾಯಣ ರೆಡ್ಡಿ ಮೊದಲ ಲೋಕಸಭೆ ಚುನಾವಣೆಯಲ್ಲಿ ನೆಹರೂ ಅವರಿಗಿಂತ ಹೆಚ್ಚು ಮತ ಪಡೆದಿದ್ದರು. ಇಂದು ನಮ್ಮ ವಿಧಾನಸಭೆಯಲ್ಲಿ ಎಡಪಕ್ಷದ ಒಬ್ಬ ಶಾಸಕರೂ ಇಲ್ಲ. 2004ರಲ್ಲಿ ಬಾಗೇಪಲ್ಲಿಯಿಂದ ಗೆದ್ದ ಜಿ.ವಿ. ಶ್ರೀರಾಮರೆಡ್ಡಿ ಅವರೇ ಕೊನೆ. 34 ವರ್ಷ ಆಳಿದ ಪಶ್ಚಿಮ ಬಂಗಾಳದಲ್ಲೂ 2021ರಲ್ಲಿ ಎಡರಂಗಕ್ಕೆ ಸೊನ್ನೆ. ಬಂದೂಕಿನ ದಾರಿಯೂ ಮುಗಿಯಿತು. 2025ರ ಜನವರಿ 8ರಂದು ಶರಣಾದ ಆರು ನಕ್ಸಲರಲ್ಲಿ ಪಕ್ಕದ ರಾಯಚೂರಿನವರೂ ಒಬ್ಬರಿದ್ದರು.

ಜಾತಿ, ದುಡ್ಡು ಕಾರಣ ಹೌದು. ಆದರೆ ಎಡಪಕ್ಷಗಳ ತಪ್ಪೂ ಇದೆ. ಕೆಲಸ ಒಂದೇ ಇದ್ದರೂ ಸಿಐಟಿಯು, ಎಐಟಿಯುಸಿ, ಎಐಯುಟಿಯುಸಿ ಎಂದು ಸಂಘ ಮೂರು. ಗೌರವಧನಕ್ಕೆ ಹೋರಾಡುವವರು ಬೆಂಗಳೂರಿಗೆ ಗುಳೆ ಹೋಗುವವರ ಮನೆ ಬಾಗಿಲಿಗೂ, ಕಾಲುವೆಯ ಕೊನೆ ಭಾಗದ ರೈತರ ಹೊಲಕ್ಕೂ ಅಷ್ಟೇ ಪಟ್ಟಾಗಿ ಹೋಗಬೇಕಿತ್ತು. ಗ್ರಾಮ ಪಂಚಾಯಿತಿ ಚುನಾವಣೆಗೆ ಪಕ್ಷದ ಚಿಹ್ನೆ ಬೇಡ. ಶುರು ಮಾಡಲು ಅದಕ್ಕಿಂತ ಒಳ್ಳೆ ಜಾಗವಿಲ್ಲ.

ನಮ್ಮ ತಪ್ಪೂ ಇದೆ. 2025ರ ಜನವರಿಯಲ್ಲಿ ಆಶಾ ಅಕ್ಕಂದಿರು ಚಳಿಯಲ್ಲಿ ಫ್ರೀಡಂ ಪಾರ್ಕಿನಲ್ಲಿ ಕೂತಿದ್ದಕ್ಕೇ ಸರ್ಕಾರ ತಿಂಗಳಿಗೆ ಕನಿಷ್ಠ 10,000 ರೂಪಾಯಿಗೆ ಒಪ್ಪಿತು. ಕೊಟ್ಟ ಮಾತು ನಡೆಯಿತೇ ಎಂದು ಸದನದ ಒಳಗೆ ಕೇಳುವವರು ಯಾರು? ಕೆಂಬಾವುಟಕ್ಕೇ ಓಟು ಹಾಕಿ ಎನ್ನುತ್ತಿಲ್ಲ. ಓಟು ಕೇಳಲು ಬಂದವರನ್ನು, ನಮ್ಮ ಧರಣಿಯ ದಿನ ಎಲ್ಲಿದ್ದಿರಿ ಎಂದು ಒಮ್ಮೆ ಕೇಳಿ.